ಇಬ್ಬರು ಸರಸ್ವತಿಯರು, ಒಂದು ಸಾಲು

ಗಲೀಜು ಮಾಡುವವರಿಂದ ಲೋಕಕ್ಕೆ ಆಗಿರುವ ಹಾನಿಗಿಂತ ಸ್ವಚ್ಛ ಮಾಡುವವರಿಂದ ಆಗಿರುವ ಹಾನಿಯೇ ಹೆಚ್ಚೆಂದು ಇತ್ತೀಚೆಗೆ ನನಗೆ ಅನ್ನಿಸತೊಡಗಿದೆ. ಹೀಗೆ ಹೇಳುವ ಅಧಿಕಾರ ನನಗಿದೆ, ಏಕೆಂದರೆ ನಾನು ಎರಡನೆಯ ಗುಂಪಿನವನು. ಅಸ್ತವ್ಯಸ್ತವಾದದ್ದು ಏನು ಕಂಡರೂ ನನ್ನ ಕೈ ಸುಮ್ಮನಿರುವುದಿಲ್ಲ. ಬೇರೆಯವರ ಮನೆಗೆ ಹೋದಾಗಲೂ ಕಿಟಕಿಯ ಮೇಲಿನ ಪಂಚಾಂಗವನ್ನು ನೆಟ್ಟಗೆ ಮಾಡದೆ ಕಾಫಿ ಕುಡಿದದ್ದು ನೆನಪಿಲ್ಲ. ಮನೆಯಲ್ಲಿ ನಾನು ಕಪಾಟು ಓರಣ ಮಾಡಲು ಕೂತೆನೆಂದರೆ ಹೆಂಡತಿ ಒಲೆ ಸಣ್ಣ ಮಾಡಿ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ, ಸಹಾಯಕ್ಕಲ್ಲ, ಕಾವಲಿಗೆ. "ನಿಂಗೊ ಸುಮ್ಮನೆ ಕೂತ್ರೆ ನಂಗೆ ಹೆದ್ರಿಕೆ ಇಲ್ಲೆ. ಸ್ವಚ್ಛ ಮಾಡ್ತೆ ಹೇಳಿ ಎದ್ರೆ ಹೆದ್ರಿಕೆ" ಎನ್ನುವುದು ಅವಳ ಮಾತು. ಒಮ್ಮೆ ಹೊಲಿಗೆ ಪೆಟ್ಟಿಗೆಯಲ್ಲಿದ್ದ ಜೋಡಿಯಿಲ್ಲದ ಗುಂಡಿಗಳನ್ನೆಲ್ಲ ನಾನು ಎಸೆದ ಮರುವಾರವೇ ನನ್ನ ಅಂಗಿಯ ಗುಂಡಿ ಕಿತ್ತು ಬಂದಿತ್ತು. ಒಂದು ಮದುವೆಮನೆಯಿಡೀ ನಾನು ಕೈಕಟ್ಟಿಕೊಂಡು ತಿರುಗಿದೆ. ನೋಡಿದವರು ವಿನಯ ಎಂದುಕೊಂಡರು.

ಆದರೆ ಗುಂಡಿಯ ಕಥೆ ಬೇರೆ, ಮನುಷ್ಯರ ಕಥೆ ಬೇರೆ. ನಾನು ಹೇಳಹೊರಟಿರುವುದು ಸ್ವಚ್ಛ ಮಾಡುವ ಭರದಲ್ಲಿ ಒಬ್ಬ ಹೆಂಗಸನ್ನೇ ಎಸೆದ ಸಂಗತಿ.

ಶಿರಸಿಯ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಯ ಕಚೇರಿಯಲ್ಲಿ ನಾನು ಕೆಲಸಕ್ಕಿದ್ದೆ. ಅದರ ಹೆಸರು ಹೇಳುವುದಿಲ್ಲ. ತಪ್ಪು ನನ್ನದಾದ್ದರಿಂದ ಆಸ್ಪತ್ರೆಗೆ ಅದರಲ್ಲಿ ಪಾಲು ಕೊಡುವುದು ನ್ಯಾಯವಲ್ಲ. ಇಸವಿ ಎರಡು ಸಾವಿರ ಕಳೆದು ಒಂದೆರಡು ವರ್ಷವಾಗಿತ್ತು. ನಮ್ಮವರು ನಿಲ್ಕುಂದ, ಮನ್ಮನೆ, ಮಂಚಿಕೇರಿ ಎಂದು ಊರೂರಿನ ಶಾಲೆಗಳಲ್ಲಿ ತಪಾಸಣೆ ಮಾಡಿ, ಕಣ್ಣಿಗೆ ಪೊರೆ ಬಂದವರ ಹೆಸರು ಬರೆದುಕೊಂಡು ಬರುತ್ತಿದ್ದರು. ನಾಲ್ಕೈದು ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ದೊಡ್ಡ ಡಾಕ್ಟರು ಬರುವರು. ಆಗ ಪಟ್ಟಿಯ ಮೊದಲ ಮೂವತ್ತು ಜನರಿಗೆ ಕಾರ್ಡು ಹಾಕಿ ಕರೆಸಿಕೊಳ್ಳುವುದು, ಮೊದಲ ದಿನ ಸೇರಿಸಿಕೊಂಡು ಮರುದಿನ ಶಸ್ತ್ರಚಿಕಿತ್ಸೆ ಮಾಡುವುದು ಪದ್ಧತಿ. ಇದ್ದದ್ದು ಮೂವತ್ತು ಮಂಚ. ಮೂವತ್ತೊಂದನೆಯವರು ಮುಂದಿನ ಶಿಬಿರಕ್ಕೆ ಕಾಯಬೇಕು.

ಆ ಪಟ್ಟಿ ಒಂದು ಹಳೆಯ ಕಂಪ್ಯೂಟರಿನಲ್ಲಿತ್ತು. ಕಪ್ಪು ಪರದೆ, ಹಸಿರು ಇಂಗ್ಲಿಷ್ ಅಕ್ಷರ, ಆನ್ ಮಾಡಿದರೆ ರವೆ ಬೀಸುವ ಸದ್ದು. ಅದರ ಒಡತಿ ಶಾಂತಕ್ಕ ಎಂಬ ಗುಮಾಸ್ತೆ. ಸಿದ್ದಾಪುರದ ಕಡೆಯವರು, ನಿವೃತ್ತರಾಗುವ ತನಕ ಹನ್ನೆರಡು ವರ್ಷ ಆ ಯಂತ್ರವನ್ನು ಬೇರೆಯವರು ಮುಟ್ಟಲು ಬಿಟ್ಟವರಲ್ಲ. ಆ ಪಟ್ಟಿಯ ಮಾದರಿ ಮಾಡಿಕೊಟ್ಟವರು ಯಾರೋ ದೊಡ್ಡ ಪಟ್ಟಣದವರು. ಹೆಸರು, ಊರು, ವಯಸ್ಸು, ಯಾವ ಕಣ್ಣು ಎಂದು ನಾಲ್ಕು ಖಾನೆ ಮಾಡಿ, ಮನುಷ್ಯನನ್ನು ಗುರುತಿಸಲು ಇಷ್ಟು ಸಾಕು ಎಂದು ಹೋಗಿಬಿಟ್ಟಿದ್ದರು. ಪಟ್ಟಣದಲ್ಲಿ ಸಾಕೇನೋ. ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗನಿಗೆ, ಆ ಮೊಮ್ಮಗನ ಹೆಸರು ಅವನ ಮೊಮ್ಮಗನಿಗೆ ಎಂದು ನಾಲ್ಕೇ ಹೆಸರನ್ನು ನಾಲ್ಕು ತಲೆಮಾರು ಸರದಿಯ ಮೇಲೆ ಉಟ್ಟುಕೊಂಡವರು. ಊಟದ ಪಂಕ್ತಿಯಲ್ಲಿ ನಿಂತು ಗಣಪತೀ ಎಂದು ಕರೆದರೆ ಉಣ್ಣುವವರಲ್ಲಿ ಹತ್ತು ಜನ ತಲೆ ಎತ್ತುತ್ತಾರೆ, ಬಡಿಸುವವರಲ್ಲಿ ಮೂವರು ನಿಲ್ಲುತ್ತಾರೆ. ಹೆಣ್ಣುಮಕ್ಕಳಿಗೋ, ಮದುವೆಯ ದಿನ ಗಂಡನ ಮನೆಯವರು ಹೊಸ ಹೆಸರಿಡುತ್ತಿದ್ದ ಕಾಲ ಅದು, ಇಟ್ಟದ್ದೆಲ್ಲ ದೇವಿಯ ಹೆಸರೇ. ಗಣಪತಿಗೆ ಸರಸ್ವತಿಯನ್ನು ತಂದುಕೊಂಡದ್ದು ನಾನು ಕೇಳಿದ ಯಾವ ಪುರಾಣದಲ್ಲೂ ಇಲ್ಲ, ನಮ್ಮಲ್ಲಿ ಊರಿಗೆರಡು ಜೋಡಿ ಸಿಗುತ್ತದೆ.

ಶಾಂತಕ್ಕ ಇದಕ್ಕೆ ತಮ್ಮದೇ ಉಪಾಯ ಮಾಡಿದ್ದರು. ಯಾರಾದರೂ ಹೆಸರು ಹೇಳಿದರೆ "ಯಾವ ಮನೆ?" ಎಂದು ಕೇಳುವುದು, ಹೆಸರಿನ ಖಾನೆಯಲ್ಲೇ ಹೆಸರಾದ ಮೇಲೆ ಒಂದು ಕಾಮಾ ಹಾಕಿ ಮನೆಯ ಹೆಸರನ್ನು ಹೊಡೆಯುವುದು. ಸರಸ್ವತಿ ಗಣಪತಿ ಹೆಗಡೆ, ಮೇಲಿನಮನೆ. ಸರಸ್ವತಿ ಗಣಪತಿ ಹೆಗಡೆ, ಕೆಳಗಿನಮನೆ. "ಹೆಸ್ರು ಕೇಳಿದ್ರೆ ಅರ್ಧ ಜನ ಗೊತ್ತಾಗ್ತದೆ ಹೆಗಡೇರೆ, ಮನೆ ಹೆಸ್ರು ಕೇಳಿದ್ರೆ ಪೂರ್ತಿ" ಎಂದು ನನಗೂ ಒಮ್ಮೆ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಹಿರಿಯರು ಅನುಭವದ ಮಾತು ಹೇಳುವಾಗ ತಲೆಯಾಡಿಸುವುದು, ಆಮೇಲೆ ಮರೆಯುವುದು, ಇವೆರಡನ್ನೂ ನಾನು ಚಿಕ್ಕಂದಿನಿಂದ ತಪ್ಪದೆ ಮಾಡಿಕೊಂಡು ಬಂದಿದ್ದೇನೆ.

ಶಾಂತಕ್ಕ ನಿವೃತ್ತರಾದರು. ಅದೇ ವರ್ಷ ದಾನಿಗಳೊಬ್ಬರು ಹೊಸ ಕಂಪ್ಯೂಟರು ಕೊಟ್ಟರು. ಕಾರ್ಯದರ್ಶಿಗಳು ನನ್ನನ್ನು ಕರೆದು, ಹಳೆಯದು ಯಾವಾಗ ಕಣ್ಣು ಮುಚ್ಚುವುದೋ ಹೇಳಲಾಗದು, ಅದರಲ್ಲಿದ್ದ ಪಟ್ಟಿಯನ್ನೆಲ್ಲ ಹೊಸದರ ಸ್ಪ್ರೆಡ್‌ಶೀಟಿಗೆ ತಂದುಬಿಡಿ ಎಂದರು. ನನ್ನನ್ನೇ ಕರೆಯಲು ಕಾರಣ ನನ್ನ ಸರ್ಟಿಫಿಕೇಟು. ಶಿರಸಿ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಮೂರು ವಾರ ನಾನು ಕಂಪ್ಯೂಟರ್ ಕಲಿತಿದ್ದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು, ಒಳಗೆ ತಂಪು, ಮಂದ ಬೆಳಕು, ಗುರುಗಳು ಮೆಲ್ಲಗೆ ಮಾತಾಡುವರು. ಮೊದಲ ದಿನ ಅಭ್ಯಾಸಬಲದಿಂದ ಕೈಮುಗಿದೇ ಕೂತಿದ್ದೆ. ಮೂರು ವಾರದಲ್ಲಿ ಬಂದದ್ದು ಭಕ್ತಿಯೇ ಹೊರತು ವಿದ್ಯೆಯಲ್ಲ ಎನ್ನುವುದು ಕಾರ್ಯದರ್ಶಿಗಳಿಗೆ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ.

ಹಳೆಯ ಯಂತ್ರದಿಂದ ಪಟ್ಟಿಯನ್ನು ಹೊರಗೆ ತೆಗೆದಾಗ ಅದು ಬರೀ ಸಾಲುಗಳಾಗಿ ಬಂತು. ಒಬ್ಬೊಬ್ಬ ರೋಗಿಗೆ ಒಂದೊಂದು ಸಾಲು. ಖಾನೆ ಖಾನೆಯ ನಡುವೆ ಒಂದು ಕಾಮಾ, ಹೆಸರು ಮತ್ತು ಊರುಗಳ ಎರಡೂ ಬದಿಗೆ ಉದ್ಧರಣ ಚಿಹ್ನೆ. ಅಷ್ಟನ್ನು ಫ್ಲಾಪಿಗೆ ಹಾಕಿ, ಹೊಸ ಕಂಪ್ಯೂಟರಿಗೆ ತಂದು, ತೆರೆದು ನೋಡಿದೆ. ಪುಟದ ತುಂಬ ಉದ್ಧರಣ ಚಿಹ್ನೆ, ಉಪ್ಪಿನಕಾಯಿ ಜಾಡಿಗೆ ಇರುವೆ ಹತ್ತಿದ ಹಾಗೆ. ಈ ಚಿಹ್ನೆಗಳು ಇರುವುದೇ ಹೆಸರಿನೊಳಗಿನ ಕಾಮಾವನ್ನು ಕಾಯಲಿಕ್ಕೆ, ಇದು ಒಂದೇ ತುಂಡು, ಒಡೆಯಬೇಡ ಎಂದು ಯಂತ್ರಕ್ಕೆ ಹೇಳಲಿಕ್ಕೆ ಎಂಬುದು ಈಗ ನನಗೆ ಗೊತ್ತು. ಆಗ ಗೊತ್ತಿದ್ದದ್ದು ನೋಡಲು ಗಲೀಜಾಗಿದೆ ಎಂಬುದೊಂದೇ. ಹುಡುಕು, ಬದಲಿಸು ಎಂಬ ಆಜ್ಞೆ ಕೊಟ್ಟು ಒಂದೇ ಏಟಿಗೆ ಅಷ್ಟನ್ನೂ ಅಳಿಸಿದೆ. ಪುಟ ತೊಳೆದ ಹಾಗಾಯಿತು. ನನಗೆ ಆ ಹೊತ್ತು ನಿಜವಾದ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಆಮೇಲೆ ಅದನ್ನು ಸ್ಪ್ರೆಡ್‌ಶೀಟಿಗೆ ಕೊಟ್ಟೆ. ಎಲ್ಲಿ ಎಲ್ಲಿ ಕತ್ತರಿಸಲಿ ಎಂದು ಅದು ಕೇಳಿತು. ಕಾಮಾ ಇದ್ದಲ್ಲೆಲ್ಲ ಕತ್ತರಿಸು ಎಂದೆ. ಹೇಳಿದಷ್ಟನ್ನೇ ಮಾಡುವುದು ಯಂತ್ರದ ಗುಣ, ಅದರ ದೋಷವೂ ಅದೇ. ಶಾಂತಕ್ಕ ಮನೆ ಹೆಸರಿಗಾಗಿ ಹಾಕಿದ್ದ ಕಾಮಾದಲ್ಲೂ ಅದು ಕತ್ತರಿಸಿತು. ಅಂಥ ಸಾಲುಗಳೆಲ್ಲ ಒಂದು ಮನೆ ಆಚೆಗೆ ಸರಿದವು. ಪರದೆಯ ಮೇಲೆ ನೋಡುತ್ತೇನೆ, ಒಬ್ಬರ ಊರು ಕೆಳಗಿನಮನೆ, ವಯಸ್ಸು ಮನ್ಮನೆ, ಪೊರೆ ಬಂದ ಕಣ್ಣು ಅರವತ್ತೈದು. ನಿಲ್ಕುಂದದ ಒಬ್ಬರ ವಯಸ್ಸೇ ನಿಲ್ಕುಂದ. ಒಂದು ರೀತಿಯಲ್ಲಿ ಅದು ಸುಳ್ಳಲ್ಲ, ನಮ್ಮ ಕಡೆಯ ಹಿರಿಯರನ್ನು ವಯಸ್ಸೆಷ್ಟು ಎಂದು ಕೇಳಿದರೆ ಊರಿಗೆ ಶಾಲೆ ಬಂದ ವರ್ಷ ನಾನು ತೊಟ್ಟಿಲಲ್ಲಿದ್ದೆ ಎಂದು ಊರಿನಿಂದಲೇ ಶುರುಮಾಡುತ್ತಾರೆ. ಶಾಂತಕ್ಕ ಅದನ್ನೆಲ್ಲ ತಾಳ್ಮೆಯಿಂದ ಕೇಳಿ ಕೊನೆಗೆ ಅರವತ್ತು, ಅರವತ್ತೈದು, ಎಪ್ಪತ್ತು ಇವುಗಳಲ್ಲಿ ಒಂದನ್ನು ಬರೆಯುತ್ತಿದ್ದರು. ಹಾಗಾಗಿ ನಮ್ಮ ಪಟ್ಟಿಯಲ್ಲಿ ಅರವತ್ತೇಳು ವಯಸ್ಸಿನವರು ಯಾರೂ ಇರಲಿಲ್ಲ.

ಈಗ ಸರಿದ ಸಾಲುಗಳನ್ನು ಹಿಂದಕ್ಕೆ ತರಬೇಕು. ಮನೆ ಹೆಸರಿಗೆ ಬೇರೆ ಖಾನೆ ಮಾಡಿದ್ದರೆ ಮುಗಿಯುತ್ತಿತ್ತು. ಅದು ನನಗೆ ಹೊಳೆಯಲಿಲ್ಲ. ನನಗೆ ಕಂಡದ್ದು ಅಡ್ಡ ಬಂದ ಒಂದು ಪದ, ಅದನ್ನು ತೆಗೆದರೆ ಎಲ್ಲ ಸರಿಯಾಗಿ ಕೂರುತ್ತದೆ. ಮೂರು ದಿನ ಕೂತು ಮೇಲಿನಮನೆ, ಕೆಳಗಿನಮನೆ, ಹೊಸಮನೆ, ಕೊಡ್ಲುಮನೆ ಎಂದು ಒಂದೊಂದೇ ಅಳಿಸಿದೆ. ಅಷ್ಟು ಮನೆಗಳನ್ನು ಹಿಂದೆ ಯಾವ ಸರ್ಕಾರವೂ ಮೂರು ದಿನದಲ್ಲಿ ನೆಲಸಮ ಮಾಡಿರಲಿಕ್ಕಿಲ್ಲ.

ಖಾನೆಗಳು ನೆಟ್ಟಗೆ ಕೂತವು. ಹೆಸರಿನ ಕ್ರಮದಲ್ಲಿ ಜೋಡಿಸಿ ನೋಡಿದರೆ ಹೊಸ ತಾಪತ್ರಯ, ಒಂದೇ ಹೆಸರಿನವರು ಅಕ್ಕಪಕ್ಕ ಬಂದು ನಿಂತಿದ್ದರು. ಎರಡು ಸಲ ಬರೆಸಿದರೆ ಬೇಗ ಕರೆಯುತ್ತಾರೆ ಎಂದು ನಿಲ್ಕುಂದದಲ್ಲೊಮ್ಮೆ ಮನ್ಮನೆಯಲ್ಲೊಮ್ಮೆ ಹೆಸರು ಕೊಡುವ ಜಾಣರು ನಮ್ಮಲ್ಲಿ ಇದ್ದೇ ಇದ್ದರು. ಅಂಥವರದ್ದನ್ನು ಒಂದು ಮಾಡುವುದು ನನ್ನ ಧರ್ಮ ಎಂದುಕೊಂಡೆ. ಪಟ್ಟಿಯನ್ನು ಪುನಃ ಸರದಿಯ ಕ್ರಮಕ್ಕೆ ತಂದು ನೋಡಿದರೆ ಮುಂದಿನ ಶಿಬಿರದ ಮೂವತ್ತರೊಳಗೆ ಅಂಥ ಜೋಡಿ ಸಿಕ್ಕಿದ್ದು ಒಂದೇ. ಸರಸ್ವತಿ ಗಣಪತಿ ಹೆಗಡೆ, ಮನ್ಮನೆ, ಅರವತ್ತೈದು, ಎಡಗಣ್ಣು. ಅದರ ಕೆಳಗೆ ಸರಸ್ವತಿ ಗಣಪತಿ ಹೆಗಡೆ, ಮನ್ಮನೆ, ಅರವತ್ತೈದು, ಬಲಗಣ್ಣು. ಒಬ್ಬಳೇ ಹೆಂಗಸು, ಎರಡು ಕಣ್ಣಿಗೂ ಪೊರೆ, ಕಣ್ಣಿಗೊಂದರಂತೆ ಎರಡು ಸಲ ಬರೆಸಿದ್ದಾಳೆ ಎಂದು ತೀರ್ಮಾನಿಸಿದೆ. ಮೊದಲ ಸಾಲಿನಲ್ಲಿ ಎಡಗಣ್ಣು ಎಂದಿದ್ದದ್ದನ್ನು ಎರಡೂ ಕಣ್ಣು ಎಂದು ತಿದ್ದಿ, ಎರಡನೆಯ ಸಾಲನ್ನು ಅಳಿಸಿಬಿಟ್ಟೆ.

ಒಂದು ಸಾಲು ಹೋದ ಕೂಡಲೇ ಕೆಳಗಿನವರೆಲ್ಲ ಒಂದು ಮೆಟ್ಟಿಲು ಮೇಲೆ ಬಂದರು. ಮೂವತ್ತೊಂದನೆಯವರು ಮೂವತ್ತನೆಯವರಾದರು. ಆ ಮೂವತ್ತೊಂದನೆಯವರು ಮಂಚಿಕೇರಿಯಲ್ಲಿರುವ ನನ್ನ ಮಾವ, ಎಂದರೆ ಹೆಂಡತಿಯ ಅಪ್ಪ.

ಮಾವನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಪೊರೆ ಬಂದ ಮೇಲೆ ಪತ್ರಿಕೆಯಲ್ಲಿ ಅವರಿಗೆ ಕಾಣುತ್ತಿದ್ದದ್ದು ದೊಡ್ಡಕ್ಷರದ ತಲೆಬರಹ ಮಾತ್ರ. ಆದರೆ ಬೆಳಿಗ್ಗೆ ಜಗಲಿಯಲ್ಲಿ ಕೂತು ನೆರೆಯವರಿಗೆ ಸುದ್ದಿ ಓದಿ ಹೇಳುವ ಅಭ್ಯಾಸ ಬಿಡಲಿಲ್ಲ. ತಲೆಬರಹ ಓದುವುದು, ಉಳಿದದ್ದನ್ನು ಸ್ವಂತ ಬುದ್ಧಿಯಿಂದ ಪೂರೈಸುವುದು. ಇದರಿಂದಾಗಿ ಆ ಕೇರಿಯ ಜನರಿಗೆ ಒಂದೆರಡು ಮಂತ್ರಿಮಂಡಲಗಳು ಬೇರೆ ಊರಿನವರಿಗಿಂತ ಮೊದಲೇ ಬಿದ್ದುಹೋಗಿದ್ದವು. ತಮ್ಮ ಸರದಿ ಮೂವತ್ತೊಂದು ಎಂದು ತಿಳಿದಾಗ ಮಾವ "ಅಳಿಯಂದ್ರೆ, ಮೂವತ್ತು ಮಂಚ ಹಾಕಿದ ಜಾಗದಲ್ಲಿ ಇನ್ನೊಂದು ಹಾಕುಲೆ ಆಗ್ತಿಲ್ಯ?" ಎಂದು ಕೇಳಿದ್ದರು. ಆಗುವುದಿಲ್ಲ ಎಂದಿದ್ದೆ. ಅಂದಿನಿಂದ ಹೆಂಡತಿ ಕಾಫಿ ಲೋಟವನ್ನು ನನ್ನ ಕೈಗೆ ಕೊಡುವ ಬದಲು ಮೇಜಿನ ಮೇಲೆ ಇಡತೊಡಗಿದ್ದಳು. ಈಗ ಅವರ ಸರದಿ ತಾನಾಗಿ ಬಂದದ್ದು ತಿಳಿದು ಲೋಟ ಪುನಃ ಕೈಗೆ ಬಂತು, ಜೊತೆಗೆ ಸಿಹಿಗೆಂದು ಎರಡು ತೊಡೆದೇವೂ ಬಂತು. ಎಲ್ಲ ನಿಯಮದ ಪ್ರಕಾರ ಆದದ್ದು, ವಶೀಲಿ ಏನಿಲ್ಲ ಎಂದು ನಾನು ಹೇಳಿದ್ದನ್ನು ಅವಳು ದೊಡ್ಡ ಮನಸ್ಸಿನ ಮಾತೆಂದು ತಿಳಿದಳು.

ಶಿಬಿರದ ದಿನ ಬಂತು. ಮೂವತ್ತು ಜನ ಬಂದರು, ಮೂವತ್ತು ಮಂಚ ತುಂಬಿತು. ಮೂಲೆಯ ಮೂವತ್ತನೆಯ ಮಂಚದ ಮೇಲೆ ಮಾವ ಆಸ್ಪತ್ರೆಯ ಹಸಿರು ಅಂಗಿ ತೊಟ್ಟು, ಪಕ್ಕದವರಿಗೆ ರಾಜ್ಯದ ಸ್ಥಿತಿಗತಿ ವಿವರಿಸುತ್ತಿದ್ದರು. ಹೆಂಡತಿ ಫ್ಲಾಸ್ಕು ಹಿಡಿದು ಪಕ್ಕದಲ್ಲಿ ಕೂತಿದ್ದಳು. ಡಾಕ್ಟರು ಒಬ್ಬೊಬ್ಬರ ಕಣ್ಣು ನೋಡುತ್ತ ಬಂದರು. ನಾನು ಹೊಸದಾಗಿ ಮುದ್ರಿಸಿದ ಪಟ್ಟಿ ಹಿಡಿದು ಅವರ ಹಿಂದೆ ನಡೆದೆ. ಅಷ್ಟು ಚಂದದ ಪಟ್ಟಿ ಆ ಆಸ್ಪತ್ರೆ ಅದುವರೆಗೆ ಕಂಡಿರಲಿಲ್ಲ.

ಸರಸ್ವತಮ್ಮನ ಮಂಚದ ಹತ್ತಿರ ಡಾಕ್ಟರು ನಿಂತರು. ಎರಡು ಸಲ ಟಾರ್ಚು ಹಾಕಿ ನೋಡಿದರು. "ಹೆಗಡೇರ, ಎರಡೂ ಕಣ್ಣು ಅಂತ ಬರದೀರಿ. ಇವರ ಬಲಗಣ್ಣು ಛಲೋ ಐತಲ್ರಿ" ಎಂದರು.

ನಾನು ಉತ್ತರ ಹೇಳುವ ಮೊದಲೇ ಸರಸ್ವತಮ್ಮ ಸಮಾಧಾನವಾಗಿ ಹೇಳಿದರು. "ನಂದು ಎಡಗಣ್ಣು. ಬಲಗಣ್ಣು ಕೆಳಗಿನಮನೆ ಸರಸ್ವತಿದು."

ಸುತ್ತಲಿದ್ದವರೆಲ್ಲ ನಕ್ಕರು. ಡಾಕ್ಟರೂ ನಕ್ಕರು. ನಾನು ಮಾತ್ರ ಕೈಯಲ್ಲಿದ್ದ ಪಟ್ಟಿ ನೋಡಿದೆ. ಮೂರು ದಿನ ಅಳಿಸಿದ ಆ ಪದ ಅವರ ಬಾಯಿಂದ ಬಂದ ಕೂಡಲೇ ಏನಾಗಿದೆ ಎಂದು ಪೂರ್ತಿ ಅರ್ಥವಾಯಿತು. ಇಬ್ಬರು ಹೆಂಗಸರ ಒಂದೊಂದು ಕಣ್ಣು ತೆಗೆದು ನಾನು ಒಬ್ಬಳನ್ನು ಮಾಡಿದ್ದೆ. ಮನೆಯ ಹೆಸರಿಲ್ಲದ ಕಾರ್ಡನ್ನು ಅಂಚೆಯವನು ದಾರಿಯಲ್ಲಿ ಮೊದಲು ಸಿಗುವ ಮೇಲಿನಮನೆಗೆ ಕೊಟ್ಟು ಹೋಗಿದ್ದ.

"ಅವ್ರಿಗೆ ಕಾರ್ಡು ಬೈಂದಿಲ್ಯ?" ಎಂದು ಕೇಳಿದೆ.

"ಇಲ್ಲೆ ತಮಾ. ಸರಸ್ವತಿ ದಿನಾ ಅಂಚೆಯವನ ಕೇಳ್ತು. ನಿಂದು ಬಂತಲೆ, ನಂದೂ ಬತ್ತು, ಇಬ್ರೂ ಒಂದೇ ದಿನ ಬರ್ಸಿದ್ದು ಹೇಳಿ ಕಾಯ್ತಾ ಇದ್ದು. ಪಾಪ, ಅದಕ್ಕೆ ಇಪ್ಪದೇ ಅದೊಂದು ಕಣ್ಣು. ಎಡಗಣ್ಣು ಸಣ್ಣಕಿರಕಾದ್ರೇ ಬಿದಿರು ಸೀಳು ತಾಗಿ ಹೋಯ್ದು."

ಈಗ ಯಾರೂ ನಗಲಿಲ್ಲ. ಚಿಕ್ಕಂದಿನಲ್ಲೇ ಒಂದು ಕಣ್ಣು ಕಳೆದುಕೊಂಡವಳ ಉಳಿದ ಆ ಒಂದು ಕಣ್ಣಿನ ಸಾಲನ್ನು ನಾನು ಅಳಿಸಿದ್ದೆ. ಡಾಕ್ಟರು ನನ್ನ ಕಡೆ ತಿರುಗಿದರು. ಕಂಪ್ಯೂಟರಿನಲ್ಲಿ ಏನೋ ತಪ್ಪಾಗಿದೆ ಎಂದೆ. ಅವರು ಟಾರ್ಚು ಜೇಬಿಗೆ ಹಾಕಿಕೊಂಡು, "ತಪ್ಪು ಅದರದ್ದಿರಲಿ, ಯಾರದ್ದಿರಲಿ. ಸಂಜಿ ಐದರೊಳಗ ಅವರನ್ನ ಕರಕೊಂಡು ಬರ್ರಿ. ಆದ್ರ ಮೂವತ್ತರ ಮ್ಯಾಲೆ ನಾ ಮಾಡಾಂಗಿಲ್ಲ, ಸಾಮಾನು ಮೂವತ್ತು ಮಂದಿಗೆ ತಂದೀನಿ. ಯಾರನ್ನ ಬಿಡ್ಬೇಕು ನೀವೇ ನೋಡ್ರಿ" ಎಂದು ಮುಂದಿನ ಮಂಚಕ್ಕೆ ಹೋದರು.

"ನನ್ನ ಮಂಚ ಅದಕ್ಕೆ ಕೊಟ್ಬಿಡು ತಮಾ" ಎಂದರು ಸರಸ್ವತಮ್ಮ. "ನಂಗೆ ಇನ್ನೊಂದು ಕಣ್ಣಿದ್ದು. ಆನು ಮುಂದಿನ ಸಲ ಬರ್ತೆ, ಅಡ್ಡಿಲ್ಲೆ." ಆ ಅಡ್ಡಿಲ್ಲೆ ಎನ್ನುವ ಮಾತನ್ನು ನಮ್ಮವರು ಊಟಕ್ಕೆ ಉಪ್ಪು ಕಡಿಮೆಯಾದರೂ ಹೇಳುತ್ತಾರೆ, ಇಡೀ ಬೆಳೆ ಹೋದರೂ ಹೇಳುತ್ತಾರೆ. ನನಗೆ ಅಂದು ಅದು ಚೆನ್ನಾಗಿಯೇ ಅಡ್ಡಿಯಾಯಿತು. ಮೂಲೆಯ ಮಂಚದ ಕಡೆ ನೋಡಲಾರದೆ ನೇರ ಹೊರಗೆ ಹೋಗಿ ಜೀಪು ಹತ್ತಿದೆ.

ಜೀಪಿನ ಚಾಲಕ ಮಹಾದೇವಪ್ಪ ಬನವಾಸಿ ಕಡೆಯವನು. ಸಿದ್ದಾಪುರದ ದಾರಿಯಲ್ಲಿ ಅವನಿಗೆ ನಡೆದದ್ದು ಹೇಳಿದೆ. ಅವನು ಗೇರು ಬದಲಿಸಿ "ಅಲ್ರಿ, ನಮ್ಮ ಕಡೆ ಒಂದು ಹೊಲಾನ ಎರಡು ಮಾಡ್ಯಾರ, ನಾಕೂ ಮಾಡ್ಯಾರ. ಎರಡು ಮಂದೀನ ಒಬ್ಬರು ಮಾಡಿದ್ದು ಇದ ಮೊದಲು ಕೇಳಿದ್ದು ನೋಡ್ರಿ" ಎಂದ. ಮನ್ಮನೆಯಲ್ಲಿ ಅಂಗಡಿಯ ಮುಂದೆ ನಿಲ್ಲಿಸಿ ಸರಸ್ವತಿ ಗಣಪತಿ ಹೆಗಡೆಯವರ ಮನೆ ಎಲ್ಲಿ ಎಂದು ಕೇಳಿದೆ. ಅಂಗಡಿಯವನು ದಾರಿ ಹೇಳಲಿಲ್ಲ, "ಯಾವ ಮನೆ?" ಎಂದು ತಿರುಗಿ ಕೇಳಿದ. ಕೆಳಗಿನಮನೆ ಎಂದಾಗ ಕೈಯೆತ್ತಿ ತೋರಿಸಿದ.

ಕೆಳಗಿನಮನೆಯ ಸರಸ್ವತಮ್ಮ ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಅಕ್ಕಿಯ ಕಡೆ ನೋಡುತ್ತಿರಲಿಲ್ಲ, ಬೆರಳಲ್ಲೇ ಮುಟ್ಟಿ ಮುಟ್ಟಿ ಕಲ್ಲು ತೆಗೆಯುತ್ತಿದ್ದರು. ಆಸ್ಪತ್ರೆಯಿಂದ ಬಂದೆ ಎಂದೆ. ಅವರು ಸದ್ದು ಬಂದ ಕಡೆ ಮುಖ ತಿರುಗಿಸಿ "ಕಾಗದ ಬಂತ?" ಎಂದರು. ಕಾಗದವಲ್ಲ, ನಾನೇ ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದಾಗ ಅವರ ಮುಖ ಅರಳಿತು. ಒಳಗಿದ್ದ ಸೊಸೆಯನ್ನು ಕರೆದು "ಕೇಳ್ಚ? ಬೇರೆಯವಕ್ಕೆಲ್ಲ ಕಾರ್ಡು ಹಾಕಿದ್ವಡ. ನಂಗೆ ಜೀಪೇ ಕಳ್ಸಿದ್ದ" ಎಂದರು. ಅವರ ಚೀಲ ಎಂಟು ದಿನದಿಂದ ಕಟ್ಟಿಯೇ ಇತ್ತು. ಸೊಸೆಯೂ ಜೊತೆಗೆ ಹೊರಟಳು. ದಾರಿಯುದ್ದಕ್ಕೂ ಸರಸ್ವತಮ್ಮ ನಮ್ಮ ಆಸ್ಪತ್ರೆಯನ್ನು ಹೊಗಳಿದರು, ಮುದುಕರ ಬಗ್ಗೆ ಇಷ್ಟು ಕಾಳಜಿ ಮಾಡುವ ಜನ ಈಗೆಲ್ಲಿದ್ದಾರೆ ಎಂದರು, ನನ್ನ ಹೆಸರು ಕೇಳಿ ದೇವರು ಒಳ್ಳೆಯದು ಮಾಡಲಿ ಎಂದು ಹರಸಿದರು. ತಪ್ಪು ನನ್ನದೆಂದು ಹೇಳಲು ನಾನು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಅವರು ಇನ್ನೊಂದು ಒಳ್ಳೆಯ ಮಾತು ಶುರುಮಾಡಿದರು. ಮಹಾದೇವಪ್ಪ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಿದ್ದ. ಬೈಸಿಕೊಂಡಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ನಾಲ್ಕು ಗಂಟೆ ದಾಟಿತ್ತು. ಸರಸ್ವತಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಮೂಲೆಯ ಮಂಚಕ್ಕೆ ಹೋದೆ. "ಮಾವಾ, ಒಂದು ತಪ್ಪಾಯ್ದು" ಎಂದು ಶುರುಮಾಡಿ ಕಾಮಾ, ಉದ್ಧರಣ ಚಿಹ್ನೆ, ಖಾನೆ ಸರಿದದ್ದು ಎಲ್ಲ ಹೇಳಿದೆ. ಕಾಮಾದ ಕಥೆ ಅವರಿಗೆ ಅರ್ಥವಾಯಿತೋ ಇಲ್ಲವೋ, ಬೆಂಚಿನ ಮೇಲೆ ಕೂತ ಹೆಂಗಸು ಅರ್ಥವಾದರು. ಹೆಂಡತಿ ನನ್ನ ಮುಖ ನೋಡಲಿಲ್ಲ, ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡುತ್ತ ಕೂತಳು.

ಮಾವ "ಅಂದ್ರೆ ಆನು ಮೂವತ್ತೊಂದೇಯ" ಎಂದರು.

"ಹೌದು ಮಾವಾ."

"ಅಡ್ಡಿಲ್ಲೆ. ಒಂದೇ ಕಣ್ಣಿನವ್ಕೆ ಮೊದ್ಲು ಆಗ್ಲಿ." ಹಸಿರು ಅಂಗಿ ಕಳಚಿ, ಮಡಚಿ, ದಿಂಬಿನ ಮೇಲಿಟ್ಟು ತಮ್ಮ ಅಂಗಿ ತೊಟ್ಟುಕೊಂಡರು. ಗುಂಡಿ ಹಾಕುತ್ತ ಏನೋ ನೆನಪಾದವರಂತೆ ಕೇಳಿದರು. "ಅಳಿಯಂದ್ರೆ, ಒಂದು ಸಾಲಲ್ಲಿ ಎಡ, ಒಂದು ಸಾಲಲ್ಲಿ ಬಲ ಇತ್ತು ಹೇಳ್ತ್ರಿ. ಅಳಿಸಕಾದ್ರೆ ನಿಂಗೊಕ್ಕೆ ಅನುಮಾನ ಬಂಜಿಲ್ಯ?"

"ಇಲ್ಲೆ ಮಾವಾ" ಎಂದೆ.

ಮರುದಿನ ಇಬ್ಬರು ಸರಸ್ವತಿಯರ ಶಸ್ತ್ರಚಿಕಿತ್ಸೆಯೂ ಆಯಿತು. ಕಣ್ಣಿನ ಬ್ಯಾಂಡೇಜು ಬಿಚ್ಚಿದ ದಿನ ಕೆಳಗಿನಮನೆಯ ಸರಸ್ವತಮ್ಮ ಮೊದಲು ತಮ್ಮ ಅಂಗೈ ನೋಡಿಕೊಂಡರು, ಆಮೇಲೆ ಸೊಸೆಯನ್ನು ನೋಡಿ "ನೀ ಇಷ್ಟು ಸೊರಗಿದ್ದೆ ಹೇಳಿ ಯಾರೂ ಹೇಳಿದ್ವೇ ಇಲ್ಲೆ" ಎಂದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ಹೋಗಲು ಧೈರ್ಯ ಬರಲಿಲ್ಲ, ಅಲ್ಲಿಂದ ಹೋಗಲು ಮನಸ್ಸೂ ಬರಲಿಲ್ಲ. ಮುಂದಿನ ಶಿಬಿರದಲ್ಲಿ ಮೊದಲ ಮಂಚವೇ ಮಾವನಿಗೆ ಸಿಕ್ಕಿತು. ಈಗ ಅವರು ಪತ್ರಿಕೆಯ ಸಣ್ಣಕ್ಷರವನ್ನೂ ಓದುತ್ತಾರೆ. ಸುದ್ದಿ ಮೊದಲಿನಷ್ಟು ಸ್ವಾರಸ್ಯವಾಗಿಲ್ಲ ಎಂದು ಜಗಲಿಗೆ ಬರುವವರು ಕಡಿಮೆಯಾಗಿದ್ದಾರಂತೆ. ನಾನು ಪಟ್ಟಿಯಲ್ಲಿ ಮನೆ ಹೆಸರಿಗೆಂದೇ ಒಂದು ಖಾನೆ ಮಾಡಿದೆ. ಹಳೆಯ ಯಂತ್ರದ ಮುಂದೆ ಕೂತು ಅಳಿಸಿದ ಮನೆಗಳನ್ನೆಲ್ಲ ಒಂದೊಂದಾಗಿ ಪುನಃ ಕಟ್ಟಲು ಮೂರು ವಾರ ಹಿಡಿಯಿತು. ಶಾಂತಕ್ಕನಿಗೆ ಸುದ್ದಿ ಮುಟ್ಟಿತ್ತು, ಸಿಕ್ಕಾಗ ಅವರು ಮನೆಯವರೆಲ್ಲ ಆರಾಮವೇ ಎಂದಷ್ಟೇ ಕೇಳಿದರು.

ಈ ಕಥೆ ನಮ್ಮ ಕಡೆ ಈಗಲೂ ಓಡಾಡುತ್ತದೆ. ಕಂಪ್ಯೂಟರು ಇಬ್ಬರು ಮುದುಕಿಯರನ್ನು ಒಂದು ಮಾಡಿತ್ತಂತೆ ಎಂದು ಮದುವೆಮನೆಗಳಲ್ಲಿ ಹೇಳಿ ನಗುತ್ತಾರೆ. ನಾನೂ ಜೊತೆಗೆ ನಗುತ್ತೇನೆ, ಯಂತ್ರಕ್ಕೆ ಬುದ್ಧಿ ಎಲ್ಲಿಂದ ಬರಬೇಕು ಎನ್ನುತ್ತೇನೆ. ಆದರೆ ಇಷ್ಟು ದೂರ ನನ್ನ ಜೊತೆ ಬಂದ ನಿಮ್ಮ ಹತ್ತಿರ ಇನ್ನೂ ಮುಚ್ಚಿಡುವುದು ಸರಿಯಲ್ಲ. ಆ ದಿನ ಎಡ, ಬಲ ಎಂದು ಎರಡು ಸಾಲು ಕಂಡಾಗ ನನಗೆ ಅನುಮಾನ ಬಂದಿತ್ತು. ಮನ್ಮನೆಗೆ ಒಂದು ಫೋನು ಮಾಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ ಎಂದೂ ಹೊಳೆದಿತ್ತು. ಫೋನು ಮೇಜಿನ ಮೇಲೇ ಇತ್ತು, ಕೈ ಅದರ ತನಕ ಹೋಗಿತ್ತು. ಅಷ್ಟರಲ್ಲಿ ಪಟ್ಟಿಯ ಕೆಳಗೆ ಮೂವತ್ತೊಂದನೆಯ ಹೆಸರು ಕಣ್ಣಿಗೆ ಬಿತ್ತು. ಇಬ್ಬರೂ ಒಬ್ಬಳೇ ಆಗಿದ್ದರೆ ಎಷ್ಟು ಒಳ್ಳೆಯದು ಅನ್ನಿಸಿತು, ಅನ್ನಿಸಿದ ಮೇಲೆ ಹಾಗೇ ಕಂಡಿತು, ಕೈ ಫೋನು ಬಿಟ್ಟು ಕೀಲಿಮಣೆಗೆ ವಾಪಸು ಬಂತು.

ಮಾವ ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ. ಆದರೆ ಪೊರೆ ತೆಗೆಸಿದ ಮೇಲೆ ಯಾವಾಗ ಮಂಚಿಕೇರಿಗೆ ಹೋದರೂ, ಬಂದ್ರ ಎಂದು ಕೇಳಿ ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡುತ್ತಾರೆ. ಈಗ ಅವರಿಗೆ ಎಲ್ಲ ಚೆನ್ನಾಗಿ ಕಾಣುತ್ತದೆ.